ಚಪ್ಪಾಳೆ ಮಾಮ ಕೈ ಕಟ್ಟಿ ಕೂತದ್ದು

ಟಿವಿಯಲ್ಲಿ ಜನ ಚಪ್ಪಾಳೆ ತಟ್ಟುತ್ತಾರಲ್ಲ, ಅದು ತಾನಾಗಿಯೇ ಬರುತ್ತದೆ ಅಂದುಕೊಂಡಿದ್ದೀರಾ? ಅಯ್ಯೋ, ಬಿಡಿ! ಅದನ್ನು ಶುರು ಮಾಡುವುದಕ್ಕೇ ಒಬ್ಬ ಮನುಷ್ಯ ಬೇಕು. ಈ ಊರಿನ ಸ್ಟುಡಿಯೋದಲ್ಲಿ ಆ ಮನುಷ್ಯ ಚಪ್ಪಾಳೆ ಮಾಮ.

ಮೊದಲು ಅವನು ಪ್ರೆಸ್ಸಿನಲ್ಲಿ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದ. ಇಪ್ಪತ್ತು ವರ್ಷ ಕಾಗದದ ಕಟ್ಟುಗಳನ್ನು ಬಡಿದು ಬಡಿದು ಅಂಗೈ ಹಲಗೆಯಂತಾಗಿತ್ತು. ಪ್ರೆಸ್ಸು ಮುಚ್ಚಿದ ಮೇಲೆ ಒಂದು ದಿನ ಹೊತ್ತು ಹೋಗದೆ ಸ್ಟುಡಿಯೋಗೆ ಬಂದು ಪ್ರೇಕ್ಷಕರ ನಡುವೆ ಕೂತ. ಒಂದೇ ಒಂದು ಚಪ್ಪಾಳೆ ಹೊಡೆದ ನೋಡಿ, ಮುಂದಿನ ಸಾಲಿನವರೆಲ್ಲ ಬೆಚ್ಚಿಬಿದ್ದು ತಿರುಗಿ ನೋಡಿದರು. ಮರುವಾರವೇ ಕೆಲಸ ಸಿಕ್ಕಿತು. ಕ್ಯಾಮೆರಾ ಪಕ್ಕ ನಿಂತ ಫ್ಲೋರ್ ಮ್ಯಾನೇಜರ್ ಕೈ ಎತ್ತಿದರೆ ಮಾಮ ಶುರು ಮಾಡಬೇಕು, ಮಾಮನ ಹಿಂದೆ ಇನ್ನೂರು ಜನ. ಒಂಬತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿದವನಲ್ಲ.

"ಇದೂ ಒಂದು ಕೆಲಸಾನಾ?" ಎಂದು ಹೆಂಡತಿ ನಗುತ್ತಿದ್ದಳು. ಅವಳೋ, ಪಾತ್ರೆ ತೊಳೆಯುತ್ತಾ ಹಾಡಿದರೆ ಪಕ್ಕದ ಮನೆಯವರು ತಮ್ಮ ರೇಡಿಯೋ ಆರಿಸುತ್ತಿದ್ದರು. ಆದರೆ ನಾಲ್ಕು ಜನರೆದುರು ಬಾಯಿಗೆ ಬೀಗ. ಚಿಕ್ಕಂದಿನಲ್ಲಿ ಶಾಲೆಯ ವೇದಿಕೆಯಲ್ಲಿ ಹಾಡು ಅರ್ಧಕ್ಕೇ ನಿಂತು, ಅಳುತ್ತಾ ಇಳಿದಿದ್ದಳಂತೆ. ಸ್ಟುಡಿಯೋದಲ್ಲಿ ಗೃಹಿಣಿಯರ ಹಾಡಿನ ಕಾರ್ಯಕ್ರಮ, ಅದೂ ನೇರ ಪ್ರಸಾರ ಎಂದು ತಿಳಿದಾಗ ಮಗಳು ಕೇಳದೆಯೇ ಅಮ್ಮನ ಹೆಸರು ಬರೆಸಿಬಿಟ್ಟಳು.

"ಈ ಸಲಾನೂ ನಿಂತೋದ್ರೆ ಜನ್ಮದಲ್ಲಿ ಹಾಡಲ್ಲ, ಪಾತ್ರೆ ಮುಂದೇನೂ ಹಾಡಲ್ಲ," ಎಂದು ಹೇಳಿಯೇ ಅವಳು ಮನೆ ಬಿಟ್ಟಳು.

ಕ್ಯಾಮೆರಾ ಮುಂದೆ ಹಾಡುತ್ತಾ ಹಾಡುತ್ತಾ ಎರಡನೇ ಚರಣದ ನಡುವೆ ನಿಂತೇಹೋದಳು. ಸಾವಿರಾರು ಮನೆಗಳಲ್ಲಿ ಟಿವಿ ಮೂಕವಾಯಿತು. ಫ್ಲೋರ್ ಮ್ಯಾನೇಜರ್ ಕೈ ಎತ್ತಿದ. ಚಪ್ಪಾಳೆ ಬಿದ್ದರೆ ಹಾಡು ಮುಗಿಯಿತೆಂದು ತೋರಿಸಿ ಜಾಹೀರಾತಿಗೆ ಹೋಗಬಹುದಲ್ಲ! ಮಾಮ ಎರಡೂ ಕೈಗಳನ್ನು ಕಂಕುಳಲ್ಲಿ ತುರುಕಿಕೊಂಡ. ಇನ್ನೂರು ಜನ ಅವನನ್ನೇ ನೋಡಿದರು. ಫ್ಲೋರ್ ಮ್ಯಾನೇಜರ್ ಕಣ್ಣು ಕೆಂಪಗೆ ಮಾಡಿಕೊಂಡು ಎರಡೂ ಕೈ ಎತ್ತಿ ಕುಣಿದ. ಊಹೂಂ, ಜಪ್ಪಯ್ಯ ಅಂದರೂ ಮಾಮ ಅಲುಗಲಿಲ್ಲ. ಕೆಲಸ ಹೋದರೆ ಹೋಗಲಿ, ಇವಳ ಹಾಡನ್ನು ನನ್ನ ಕೈಯಾರೆ ಮುಗಿಸಲಾರೆ ಎಂದುಕೊಂಡ.

ಅವಳು ಅವನತ್ತ ನೋಡಿದಳು. ಎಂಥೆಂಥವರಿಗೋ ಚಪ್ಪಾಳೆ ಹೊಡೆಯುವ ಗಂಡ ಕೈ ಕಟ್ಟಿ ಕೂತು, ಹಾಡು ಇನ್ನೂ ಇದೆಯಲ್ಲ ಎಂಬಂತೆ ಕಾಯುತ್ತಿದ್ದ. ಅವಳು ಉಸಿರೆಳೆದು ಆ ಚರಣವನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡಳು. ಕೊನೆಯ ಸಾಲಿನವರೆಗೂ ಹಾಡಿದಳು. ಜನ ಯಾರ ಸನ್ನೆಗೂ ಕಾಯದೆ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಕಾರಿಡಾರಿಗೆ ಬಂದವಳೇ ಜಗಳ ತೆಗೆದಳು. "ಅಲ್ರೀ, ಎಲ್ರೂ ಹೊಡೆದ್ರು, ನೀವೊಬ್ರೇ ಹೊಡೀಲಿಲ್ವಲ್ಲ!"

"ಖುಷಿಗೆ ಮರೆತೇ ಹೋಯ್ತು ಕಣೇ," ಎಂದ ಮಾಮ ಕಣ್ಣೊರೆಸಿಕೊಳ್ಳುತ್ತಾ. "ಇನ್ನೊಂದ್ಸಲ ಹಾಡು, ಹೊಡೀತೀನಿ."

ಲೈಟಿನವರು, ಕಸ ಗುಡಿಸುವವರು, ಹೊರಗೆ ಹೊರಟಿದ್ದ ಪ್ರೇಕ್ಷಕರು ಎಲ್ಲರೂ ಅಲ್ಲೇ ಇದ್ದರು. ಅವಳು ಅತ್ತಿತ್ತ ನೋಡದೆ ಶುರು ಮಾಡಿಯೇಬಿಟ್ಟಳು. ಬೈಯಲು ಓಡಿ ಬಂದಿದ್ದ ಫ್ಲೋರ್ ಮ್ಯಾನೇಜರ್ ಪಾಪ, ಬಾಯಿ ಮುಚ್ಚಿಕೊಂಡು ಗೋಡೆಗೊರಗಿ ಪೂರ್ತಿ ಕೇಳಿದ.