ತೊಟ್ಟಿಲ ಕೊಂಡಿ

ಆದೋನಿಯ ನಮ್ಮ ಮನೆಯಲ್ಲಿ ಮಡಿಯುಟ್ಟು ನೈವೇದ್ಯಕ್ಕೆ ಬೇಳೆ ತೊಳೆಯುತ್ತಿದ್ದೆ. ಪಕ್ಕದ ಮನೆಯ ಹತ್ತಿ ಸಾಹುಕಾರರ ಸೊಸೆ ಗೋಡೆಯಾಚೆಯಿಂದ ಕೂಗಿದಳು: "ಅಕ್ಕಾ, ನಮ್ಮ ನಾಯಿ ಸಾಯಾಕ ಬಿದ್ದೈತಿ. ದನದ ಡಾಕ್ಟ್ರು ಬಂದಾರ, ಕಾಲು ಹಿಡಿಯಾಕ ಬರ್ರಿ!"

"ಮಡಿಯೊಳಗಿದ್ದೀನಲ್ಲೇ!"

"ಮಡಿ ಮತ್ತ ಉಡಬಹುದು, ಬರ್ರಿ!"

ಸೆರಗು ಸೊಂಟಕ್ಕೆ ಸಿಕ್ಕಿಸಿ, ಗದ್ದ ಮುಂದೆ ಮಾಡಿ ಮಾತಾಡುವ ಹೆಂಗಸು ಆಕೆ. ಸೊರಗಿದ ಎಮ್ಮೆಯಾಗಲಿ, ಬಾಡಿದ ಗಿಡವಾಗಲಿ, "ಉಸುರೈತಿಲ್ಲೋ? ಸಾಕು" ಅನ್ನುವಳು.

ಹೋದೆ. ರಕ್ತಭೇದಿಯಾಗಿ ನಾಯಿ ಗೋಣಿಚೀಲದ ಮೇಲೆ ಒದ್ದೆ ಬಟ್ಟೆಯಂತೆ ಬಿದ್ದಿತ್ತು.

"ಲಾಭಂ ಲೇದಮ್ಮಾ, ಏನು ಮಾಡಿದ್ರೂ ಉಪಯೋಗಿಲ್ಲ, ಇದು ಬದುಕೋದಿಲ್ಲ. ಸೂಜಿ ಹಾಕಿ ನೋವಿಲ್ಲದಂಗ ಕಳಿಸಿಬಿಡೋಣ" ಅಂದರು ಡಾಕ್ಟರು.

"ಉಸುರೈತಿಲ್ಲೋ?" ಅಂದವಳೇ ಆಕೆ ಡಾಕ್ಟರ ಚೀಲದಿಂದ ಸಲೈನ್ ಬಾಟಲಿ ತೆಗೆದು ನಡುಮನೆಯ ತೊಟ್ಟಿಲ ಕೊಂಡಿಗೆ ಕಟ್ಟಿದಳು.

ಅವಳ ಅತ್ತೆ ಹೌಹಾರಿದರು: "ಕೂಸಿನ ತೊಟ್ಟಿಲು ಕಟ್ಟೋ ಕೊಂಡಿಗೆ ನಾಯಿ ಬಾಟ್ಲಿ ಏನವಾ! ಮನಿಗೆ ಕೇಡು, ತೆಗಿ!"

"ಕೇಡು ಬಂದ್ರ ನನಗ ಬರಲಿ, ಅತ್ತಿ. ಬಾಟ್ಲಿ ಮುಟ್ಟಬ್ಯಾಡ್ರಿ."

ಅಡ್ಡ ನಿಂತಳು. ಡಾಕ್ಟರು ನಾಯಿಯ ಪಕ್ಕ ಕೂತು, ಸೂಜಿ ತಪ್ಪಿ ತಪ್ಪಿ ಕೊನೆಗೆ ನರ ಹಿಡಿದರು. ನಾನು ಧನ್ವಂತರಿಯನ್ನು ನೆನೆಯುತ್ತ ಕಾಲು ಅಲುಗದಂತೆ ಹಿಡಿದೆ. ಬಾಟಲಿ ಅರ್ಧ ಇಳಿಯುವ ಹೊತ್ತಿಗೆ ನಾಯಿ ಕಣ್ತೆರೆದು ನನ್ನ ಮಡಿಸೀರೆಯ ಸೆರಗನ್ನೇ ನೆಕ್ಕಿತು. ಅಷ್ಟು ಕರುಣಿಸಿದ್ದೇ ದೇವರ ದೊಡ್ಡ ದಯೆ.

"ನೋಡ್ರಿ ಅತ್ತಿ, ಮಡಿ ಅಕ್ಕಾರದು ಕೆಟ್ಟಿತು, ಕೇಡು ಯಾರಿಗೂ ಬರ್ಲಿಲ್ಲ" ಅಂದು ಆಕೆ ಕಣ್ಣೊರೆಸಿಕೊಂಡಳು.

ಮನೆಗೆ ಬಂದೆ, ಮತ್ತೆ ನೀರು ಸೇದಿ ಮೈಮೇಲೆ ಹೊಯ್ದುಕೊಂಡೆ, ಒಲೆ ಹಚ್ಚಿದೆ. ಅಂದು ದೇವರ ಊಟ ತಡವಾಯಿತು. ಆಗಲಿ ಅಂದುಕೊಂಡು ಬೇಳೆ ಬೇಯಲು ಇಟ್ಟೆ.