ನಂಜಿನ ಕೈ

ಅತ್ತಿಗೆ, ನನ್ನ ಕುತ್ತಿಗೆಯ ಗಾಯ ಕೀವಾಗಿದ್ದು ನಿಮ್ಮ ಬದನೆಕಾಯಿ ಎಣ್ಣೆಗಾಯಿಯಿಂದಲ್ಲ. ನನ್ನಿಂದ. ಅದು ನನಗೆ ಆವತ್ತೇ ಗೊತ್ತಿತ್ತು.

ನೆನಪಿದೆಯಲ್ಲ — ಕುತ್ತಿಗೆಯ ಹಿಂದೆ ನಿಂಬೆಹಣ್ಣಿನಷ್ಟು ಕೊಬ್ಬಿನ ಗಡ್ಡೆ. ಟೈಲರ್ ಆದವನು ಅಳತೆ ಟೇಪು ನೇತುಹಾಕಿಕೊಳ್ಳುವ ಜಾಗವೇ ಅದು. ಹೊನ್ನಾಳಿಯ ಡಾಕ್ಟರು ಅಲ್ಲಿಗಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಮಾತಾಡುತ್ತಲೇ ಗಡ್ಡೆ ತೆಗೆದು ಹೊಲಿಗೆ ಹಾಕಿದರು. ನಾನೂ ಹೊಲಿಯುವವನೇ, ಅವರ ಕೈಚಳಕ ನೋಡೋಣವೆಂದರೆ ಬೆನ್ನ ಕಡೆ ಕಣ್ಣಿಲ್ಲ. "ನೋವಿಲ್ಲ ಅಂತ ಕೆಲ್ಸಕ್ಕೆ ಹೋಗ್ಬೇಡ್ರಿ, ಮನೇಲಿ ಇರ್ರಿ. ಪಟ್ಟಿ ಅಲುಗಬಾರ್ದು" ಅಂದರು.

ನ್ಯಾಮತಿಯಲ್ಲಿ ಬಸ್ಸಿಳಿದವನು ಸೀದಾ ಅಂಗಡಿಗೆ ಹೋದೆ. ಮದುವೆ ರವಿಕೆಗಳು ಬಾಕಿ ಇದ್ದವು ಎನ್ನಬಹುದು — ಅದು ನೆಪ. ನೋವಿರಲಿಲ್ಲ, ಅಷ್ಟೇ. ಅಭ್ಯಾಸಬಲದಿಂದ ಟೇಪನ್ನು ಕುತ್ತಿಗೆಗೆ ಹಾಕಿಕೊಂಡೆ. ಎಳೆದೆ, ಅಳೆದೆ, ಮತ್ತೆ ಹಾಕಿಕೊಂಡೆ. ಮರಗಟ್ಟಿದ ಚರ್ಮ ಏನು ಹೇಳೀತು? ಔಷಧಿ ಇಳಿದು ಉರಿ ಹತ್ತಿದಾಗ ನೋಡಿದರೆ ಪಟ್ಟಿ ಕಾಲರಿಗೆ ಜಾರಿತ್ತು, ಟೇಪಿಗೆ ರಕ್ತ ಹತ್ತಿತ್ತು. ಟೇಪು ತೊಳೆದೆ. ಅದೇ ಪಟ್ಟಿಯನ್ನು ಮತ್ತೆ ಒತ್ತಿ ಅಂಟಿಸಿದೆ. ಮನೆಗೆ ಬಂದು, ಆಸ್ಪತ್ರೆಯಲ್ಲಿ ತಡವಾಯಿತು ಎಂದೆ.

ಆ ಸಂಜೆ ನೀವು ಎಣ್ಣೆಗಾಯಿ ಬಡಿಸಿದಿರಿ. ನನಗೆ ಇಷ್ಟವೆಂದೇ ಮಾಡಿದ್ದು. ಮತ್ತೊಮ್ಮೆ ಹಾಕಿಸಿಕೊಂಡು ತಿಂದೆ.

ಗಾಯ ಕೀವಾಗಿ ಜ್ವರ ಬಂದಾಗ ಅವ್ವ ನಿಮ್ಮನ್ನು ನನ್ನ ಮುಂದೆಯೇ ನಿಲ್ಲಿಸಿ ಕೇಳಿದಳು: "ಕುತ್ತಿಗೆ ಕುಯ್ಸ್ಕಂಡು ಬಂದೋನಿಗೆ ಬದ್ನೆಕಾಯಿ ಹಾಕ್ತಾರೇನೆ? ನಂಜು ಏರ್ತೈತೆ ಅಂತ ಗೊತ್ತಿಲ್ಲೇನು? ನಿನ್ನ ಕೈಯೇ ನಂಜು ಬಿಡು." ನೀವು ನನ್ನ ಕಡೆ ನೋಡಿದಿರಿ. ನಾನು ಗೋಡೆ ಕಡೆ ತಿರುಗಿ ಮಲಗಿದೆ. ಡಾಕ್ಟರು "ಏನಾದ್ರೂ ಉಜ್ಜಿತ್ತೇನ್ರಿ?" ಎಂದು ಕೇಳಿದಾಗಲೂ — ಅವ್ವ ಪಕ್ಕದಲ್ಲೇ ಇದ್ದಳು — ಇಲ್ಲವೆಂದೆ.

ಗಾಯ ಮಾಯಿತು, ಅವ್ವನ ಮಾತು ಮಾತ್ರ ಮನೆಯಲ್ಲೇ ಉಳಿಯಿತು. ಯಾರಿಗೆ ಹುಷಾರಿಲ್ಲದಿದ್ದರೂ ಗಂಜಿ ಕಾಯಿಸಲು ನಿಮ್ಮನ್ನು ಬಿಡಲಿಲ್ಲ. ಅದೆಲ್ಲ ಅಡುಗೆಮನೆಯ ಹೆಂಗಸರ ವಿಷಯ ಎಂದುಕೊಂಡೆ ನಾನು, ಇಷ್ಟು ವರ್ಷ. ಹಾಗೆ ಅಂದುಕೊಂಡರೆ ಊಟ ಸಲೀಸಾಗಿ ಇಳಿಯುತ್ತಿತ್ತು.

ಮೊನ್ನೆ ರೇಖಾ ಬಾಣಂತನಕ್ಕೆ ಬರುತ್ತಾಳೆ ಎಂದಾಗ — ನಿಮ್ಮದೇ ಹೊಟ್ಟೆಯ ಮಗಳು — ಅಡುಗೆಗೆ ಬಿಳಿಚೋಡಿನಿಂದ ನಿಮ್ಮ ತಂಗಿಯನ್ನು ಕರೆಸುತ್ತೇನೆ ಎಂದಿರಿ. ಯಾಕೆ ಎಂದು ಕೇಳಿದೆ. "ನನ್ ಕೈ ನಂಜಲ್ವೇನಪ್ಪ? ಹಸಿ ಬಾಣಂತಿಗೆ ಹೆಂಗ್ ಮಾಡಿ ಹಾಕಾಕೆ ಆಗ್ತೈತೆ?" ಈ ಸಲ ಅವ್ವ ಬಾಯಿ ಬಿಟ್ಟಿರಲಿಲ್ಲ. ನೀವೇ ನಂಬಿಬಿಟ್ಟಿದ್ದೀರಿ, ಮತ್ತು ನಾನು...

ಕ್ಷಮಿಸಿ ಎನ್ನಲು ನನಗೆ ಮುಖವಿಲ್ಲ. ಇವತ್ತು ಊಟಕ್ಕೆ ಕೂತಾಗ ಅವ್ವನ ಮುಂದೆಯೇ ಇದನ್ನೆಲ್ಲ ಹೇಳುತ್ತೇನೆ, ಟೇಪು ತೊಳೆದದ್ದನ್ನೂ ಬಿಡದೆ. ಆಮೇಲೆ ನೀವು ನನ್ನ ಜೊತೆ ಮಾತು ಬಿಟ್ಟರೂ ಸರಿ. ತಂಗಿಗೆ ಫೋನ್ ಮಾಡಬೇಡಿ, ಅತ್ತಿಗೆ. ರೇಖಾಗೆ ನೀವೇ ಮಾಡಿ ಹಾಕಿ.