ಕೆಂಡಕ್ಕ ಆರಿಸಿದ ಆಟ

ಕಂಪ್ಯೂಟರ್ ಅಂಗಡಿಯ ಹಿಂಬದಿಯ ಮೇಜಿನಲ್ಲಿ ಕೂರುವ ಹೆಂಗಸಿಗೆ ಕೆಂಡಕ್ಕ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಯಾರೇ ಇರಲಿ, ಕೈ ಸುಟ್ಟುಕೊಂಡ ಮೇಲೇ ಇಟ್ಟಿರಬೇಕು. ನನಗೆ ಅವಳು ದೊಡ್ಡಮ್ಮನ ಮಗಳು, ಆದ್ದರಿಂದ ಈ ಹೆಸರಿನಿಂದ ಕರೆಯುವ ಹಕ್ಕೂ ಇದೆ, ಕರೆದು ಬೈಸಿಕೊಂಡ ಅನುಭವವೂ ಇದೆ. ವಯಸ್ಸು ಐವತ್ತಮೂರು. ಬೆಳಗ್ಗೆ ಹತ್ತರಿಂದ ಸಂಜೆ ಏಳರವರೆಗೆ ಸತ್ತ ಲ್ಯಾಪ್‌ಟಾಪ್‌ಗಳಿಗೆ ಜೀವ ಕೊಡುತ್ತಾಳೆ, ಬದುಕಿರುವ ಗಿರಾಕಿಗಳ ಜೀವ ತಿನ್ನುತ್ತಾಳೆ.

ಹದಿನಾಲ್ಕು ವರ್ಷದ ಹಿಂದೆ, ಬಿಸಿಯಾಗಿ ತಾನೇ ಆಫ್ ಆಗುತ್ತದೆ ಎಂಬ ದೂರಿನೊಂದಿಗೆ ಒಂದು ಯಂತ್ರ ಬಂತು. ಎಷ್ಟು ಬಿಸಿಯಾಗುತ್ತದೆ ನೋಡೋಣ ಎಂದು ಅದರಲ್ಲಿದ್ದ ಒಂದು ಆಟ ಹಚ್ಚಿದಳು. ಕತ್ತಿ, ಕಾಡು, ಹಾಳುಬಿದ್ದ ಕೋಟೆ. ಆಡುವವರೇ ಒಂದು ಪಾತ್ರ ವಹಿಸಿ ವಾರಗಟ್ಟಲೆ ಬೇರೊಂದು ಲೋಕದಲ್ಲಿ ಬಾಳುವಂಥ ಆಟ. ಯಂತ್ರ ಅರ್ಧ ದಿನದಲ್ಲಿ ರಿಪೇರಿಯಾಯಿತು. ಇವಳು ಇನ್ನೂ ಆಗಿಲ್ಲ. ಮನೆಯಲ್ಲಿ ಪಾತ್ರೆ ತೊಳೆದಿಟ್ಟು ಪಾತ್ರ ತೊಡುವುದು ಅಂದಿನಿಂದ ಅವಳ ದಿನಚರಿ.

ಹಾಗಾಗಿ ಯಾರಿಗೆ ಯಾವ ಆಟ, ಯಾವ ಯಂತ್ರಕ್ಕೆ ಯಾವ ಆಟ ಎಂದು ಹೇಳುವ ಕೆಲಸವೂ ಅವಳಿಗೇ ಅಂಟಿಕೊಂಡಿತು. ಆಟದ ವಿವರದ ಕೆಳಗೆ, ಯಂತ್ರ ಎಷ್ಟು ಬಲವಾಗಿರಬೇಕು ಎನ್ನಲು, ‘ಕನಿಷ್ಠ’ ಎಂದೊಂದು ಪಟ್ಟಿ, ‘ಶಿಫಾರಸು’ ಎಂದೊಂದು ಪಟ್ಟಿ ಇರುತ್ತದಲ್ಲ, ಅದನ್ನು ಕಂಡರೇ ಅವಳಿಗೆ ಮೈಯೆಲ್ಲ ಉರಿ.

“ಕನಿಷ್ಠ ಅಂದ್ರೆ ಆಟ ತೆರ್ಕೊಳ್ಳುತ್ತೆ ಅಂತ, ಆಡಬಹುದು ಅಂತಲ್ಲ. ಶಿಫಾರಸು ಅಂದ್ರೆ ಬರೆದವನ ಮಾವಂದು ಗ್ರಾಫಿಕ್ಸ್ ಕಾರ್ಡ್ ಅಂಗಡಿ ಇದೆ ಅಂತ. ಎರಡರ ಮಧ್ಯೆ ‘ಸಾಕು’ ಅಂತ ಒಂದು ಇರಬೇಕಲ್ವಾ? ಅದನ್ನ ಒಬ್ಬನಾದ್ರೂ ಬರೀತಾನಾ, ಕಳ್ಳರು!”

ಆ ‘ಸಾಕು’ ಎಲ್ಲಿದೆ ಎಂದು ಹುಡುಕುವುದರಲ್ಲಿ ಅವಳು ನಿಪುಣೆ. ಗಿರಾಕಿ ತನ್ನ ಯಂತ್ರವನ್ನು ತಂದು ಮೇಜಿನ ಮೇಲೆ ಇಡಲೇಬೇಕು. ಬಾಯಲ್ಲಿ ಹೇಳಿದ್ದನ್ನು ನಂಬುವುದಿಲ್ಲ. ರ್‍ಯಾಮ್ ಎಷ್ಟು, ಡಿಸ್ಕಿನಲ್ಲಿ ಜಾಗ ಎಷ್ಟು, ಚಿತ್ರ ಮೂಡಿಸಲು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದೆಯೋ ಇಲ್ಲವೋ, ಫ್ಯಾನಿನಲ್ಲಿ ಎಷ್ಟು ವರ್ಷದ ಧೂಳು, ಎಲ್ಲ ಕಣ್ಣಾರೆ ನೋಡಿ ಆಮೇಲೆ ಮನುಷ್ಯನ ಕಡೆ ತಿರುಗುತ್ತಾಳೆ. “ಹೋಟೆಲಿಗೆ ಹೋದ್ರೆ ಮೆನು ಪೂರ್ತಿ ಓದ್ತೀರೋ, ಪಕ್ಕದವರ ತಟ್ಟೆ ತೋರ್ಸಿ ಅದೇ ತನ್ನಿ ಅಂತೀರೋ?” ಮೆನು ಓದುವವರಿಗೆ ನೂರೆಂಟು ವಿದ್ಯೆ, ಮದ್ದು, ಆಯುಧಗಳಿರುವ ಆಟ, ತಟ್ಟೆ ತೋರಿಸುವವರಿಗೆ ಸರಳವಾದದ್ದು. “ದಾರಿ ತಪ್ಪಿದ್ರೆ ಯಾರನ್ನಾದ್ರೂ ಕೇಳ್ತೀರೋ, ಸುಮ್ನೆ ಸುತ್ತುತೀರೋ?” ಸುತ್ತುವವರಿಗೆ ದೊಡ್ಡ ಬಯಲು ಲೋಕ. “ಜಗಳದಲ್ಲಿ ಮೊದಲು ಕೈಯೋ, ಬಾಯೋ?” ಬಾಯಿ ಎಂದವರಿಗೆ ಮಾತುಕತೆಯಲ್ಲೇ ಯುದ್ಧ ಗೆಲ್ಲಬಹುದಾದ ಆಟ.

ನಿವೃತ್ತ ಬಸ್ ಚಾಲಕರೊಬ್ಬರಿಗೆ ಈ ಪ್ರಶ್ನೆಗಳನ್ನು ಕೇಳದೆ, ಉದ್ಯೋಗ ನೋಡಿ, ಕುದುರೆಯ ಮೇಲೆ ದೇಶ ಸುತ್ತುವ ಆಟ ಕೊಟ್ಟಿದ್ದಳು. ಅವರು ಮರುದಿನವೇ ಬಂದು ಕೌಂಟರ್ ಗುದ್ದಿದರು. “ಮೂವತ್ತಾರು ವರ್ಷ ರಸ್ತೆ ನೋಡಿದೀನಿ ತಾಯಿ. ನಾನು ಕೂತಿರ್ಬೇಕು, ಊರು ನನ್ನ ಹತ್ರ ಬರ್ಬೇಕು, ಅಂಥದ್ದು ಕೊಡು!” ಹೋಟೆಲು ನಡೆಸುವ ಆಟ ಕೊಟ್ಟಳು. ಇವತ್ತಿಗೂ ನಡೆಸುತ್ತಿದ್ದಾರೆ.

ಅಂಗಡಿ ಮಾಲೀಕನ ಹೆಸರು ಜನರ ಬಾಯಲ್ಲಿ ಕಾರ್ಡಪ್ಪ. ಕೀಬೋರ್ಡಿನ ಒಂದು ಗುಂಡಿ ಬಿದ್ದಿದೆ ಎಂದು ಹೋದವರಿಗೂ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಳ್ಳಿ ಎನ್ನುವ ಮನುಷ್ಯ. ಕೆಲಸವಾಗಬೇಕಾದಾಗ ಇವಳನ್ನು ಅಕ್ಕ ಎನ್ನುತ್ತಾನೆ, ಸಿಟ್ಟು ಬಂದಾಗ ಮೇಡಂ. ಕಾರ್ಡ್ ಬೇಡ, ನಿಮ್ಮ ಹಳೇ ಯಂತ್ರವೇ ಸಾಕು ಎಂದು ಅವಳು ಗಿರಾಕಿಯನ್ನು ಕಳಿಸಿದಾಗಲೆಲ್ಲ ಅವಳು ಮೇಡಂ ಆಗುತ್ತಿದ್ದಳು. ಅಂದರೆ ದಿನಕ್ಕೆ ಐದಾರು ಸಲ.

ಹಳೇ ಯಂತ್ರ ಸಾಕಾಗಿಸುವ ಅವಳ ವಿದ್ಯೆಯ ಗುಟ್ಟು ಸೆಟ್ಟಿಂಗ್ಸ್‌ನಲ್ಲಿತ್ತು. ಯಂತ್ರದ ಉಸಿರು ಹೆಚ್ಚಾಗಿ ಹೀರುವುದು ನೆರಳು. ಪ್ರತಿ ಮರ, ಪ್ರತಿ ಮನುಷ್ಯನ ನೆರಳನ್ನು ಅದು ಕ್ಷಣಕ್ಷಣಕ್ಕೂ ಹೊಸದಾಗಿ ಬಿಡಿಸಬೇಕು. ಆಮೇಲೆ ನೀರಿನ ಪ್ರತಿಬಿಂಬ, ಆಮೇಲೆ ಹುಲ್ಲು. ಗಿರಾಕಿಯ ಯಂತ್ರಕ್ಕೆ ಆಟ ಹಾಕಿದ ಕೂಡಲೇ ಅವಳ ಬೆರಳು ತಾನಾಗಿ ಓಡಿ ಈ ಮೂರನ್ನೂ ತೆಗೆದುಹಾಕುತ್ತಿತ್ತು. “ನೆರಳು ತಿಂದ್ರೆ ಹೊಟ್ಟೆ ತುಂಬುತ್ತಾ? ತೆಗಿ.” ಆಟ ಆರಿಸುವವಳೂ ಅವಳೇ, ನೆರಳು ಆರಿಸುವವಳೂ ಅವಳೇ.

ಹೀಗಿರುವಾಗ ಸರಕು ಅಂಗಳದ ಕ್ರೇನ್ ಆಪರೇಟರ್ ತನ್ನ ಏಳು ವರ್ಷದ ಲ್ಯಾಪ್‌ಟಾಪ್ ತಂದಿಟ್ಟ. ನಲವತ್ತಾರರ ಗಟ್ಟಿಮುಟ್ಟಾದ ಆಳು. ನಾಲ್ಕು ತಿಂಗಳ ಹಿಂದೆ ತೂಗಾಡುತ್ತಿದ್ದ ಸರಪಳಿಯೊಂದು ಬಂದು ಅವನ ಹೆಲ್ಮೆಟ್ಟಿಗೆ ಬಡಿದಿತ್ತು. ಹೆಲ್ಮೆಟ್ ಎರಡು ಹೋಳು. ತಲೆ ಒಂದಾಗಿಯೇ ಉಳಿಯಿತು. ಸ್ಕ್ಯಾನ್ ಚೆನ್ನಾಗಿದೆ ಎಂದು ಡಾಕ್ಟರು ಹೇಳಿದರೂ ಅವನಿಗೆ ನಂಬಿಕೆ ಬಂದಿರಲಿಲ್ಲ.

“ಒಂದೊಂದು ಸಲ ಮಾತು ನಾಲಿಗೆ ತುದೀಲಿ ನಿಂತ್ಬಿಡುತ್ತೆ ಅಕ್ಕ. ತಲೆ ಓಡ್ತಿದೆಯಾ ಇಲ್ವಾ ನೋಡ್ಕೋಬೇಕು. ಯೋಚನೆ ಮಾಡಿಸೋ ಆಟ ಕೊಡಿ. ಅವಸರ ಮಾತ್ರ ಬೇಡ. ಮೇಲೆ ಕೂತವನು ಅವಸರ ಮಾಡಿದ್ರೆ ಕೆಳಗಿರೋನು ಸಾಯ್ತಾನೆ, ಇಪ್ಪತ್ತು ವರ್ಷದ ಅಭ್ಯಾಸ.”

ಕಂಪನಿಯವರು ಅವನಿಗೆ ಒಂದು ಸೋಮವಾರ ಗೊತ್ತು ಮಾಡಿದ್ದರು. ಅಂದು ಪರೀಕ್ಷೆ ಕೊಟ್ಟು ಕ್ರೇನ್ ಹತ್ತಬೇಕು, ಇಲ್ಲವೇ ‘ಸ್ವಇಚ್ಛೆಯಿಂದ’ ಉಗ್ರಾಣದ ಗುಮಾಸ್ತನ ಕುರ್ಚಿ ಒಪ್ಪಿಕೊಂಡಿದ್ದೇನೆ ಎಂಬ ಕಾಗದಕ್ಕೆ ಸಹಿ ಹಾಕಬೇಕು. ಸಹಿ ಹಾಕಿದರೆ ಮತ್ತೆ ಮೇಲೆ ಹತ್ತುವ ಮಾತಿಲ್ಲ. ಇಚ್ಛೆ ಕಂಪನಿಯದು, ‘ಸ್ವ’ ಮಾತ್ರ ಇವನದು.

ಕೆಂಡಕ್ಕ ಅಳೆದು ತೂಗಿ ಆರಿಸಿದಳು. ನಾಲ್ವರ ತಂಡ, ಸರದಿ ಪ್ರಕಾರ ನಡೆಯುವ ಕಾಳಗ. ನೀವು ಯೋಚಿಸುವಷ್ಟು ಹೊತ್ತೂ ಶತ್ರು ಕತ್ತಿ ಎತ್ತಿಕೊಂಡೇ ನಿಂತಿರುತ್ತಾನೆ. ಓದಲು ಬೇಕಾದಷ್ಟು, ಬಿಡಿಸಲು ಒಗಟುಗಳು. ತಾನೇ ಎರಡು ಸಲ ಆಡಿ ಮುಗಿಸಿದ್ದ ಆಟ. ಮನುಷ್ಯನಿಗೆ ಹೇಳಿ ಮಾಡಿಸಿದಂತಿತ್ತು. ಯಂತ್ರಕ್ಕೆ ಕೊಂಚ ಭಾರ. ಬೆರಳು ಓಡಿತು. ನೆರಳು, ನೀರು, ಹುಲ್ಲು ಮೂರೂ ಹೋದವು.

“ಕಾರ್ಡ್ ಒಂದಿದ್ದಿದ್ರೆ...” ಎಂದು ಕಾರ್ಡಪ್ಪ ಶುರು ಮಾಡಿದ.

“ಲ್ಯಾಪ್‌ಟಾಪಿಗೆ ಎಲ್ಲಿ ಸಿಗಿಸ್ತೀರಿ, ನಿಮ್ಮ ಹಣೆಗಾ? ಹೊಸ ಯಂತ್ರ ಮಾರೋ ಆಸೆ ಇದ್ರೆ ಬಾಯಿಬಿಟ್ಟು ಹೇಳಿ!”

ಅಂದು ಅವಳು ಮಧ್ಯಾಹ್ನದೊಳಗೇ ಮೇಡಂ ಆದಳು.

ಆರು ವಾರದ ಮೇಲೆ, ಆ ಸೋಮವಾರಕ್ಕೆ ಮೂರು ದಿನ ಇದೆ ಎನ್ನುವಾಗ, ಆಪರೇಟರನ ಹೆಂಡತಿ ಅಂಗಡಿಗೆ ಬಂದಳು. ಕೈಯಲ್ಲಿ ಗಂಡ ಬರೆದಿಟ್ಟ ಒಂದು ನೋಟ್‌ಬುಕ್.

“ಅಕ್ಕ, ಸಣ್ಣ ಮಕ್ಕಳು ಆಡೋ ಅಂಥದ್ದು ಏನಾದ್ರೂ ಇದ್ರೆ ಕೊಡಿ.”

“ನಿಮ್ಮನೇಲಿ ಸಣ್ಣ ಮಕ್ಕಳೆಲ್ಲಿದಾರೆ?”

“ಇವರಿಗೇ. ಆ ಆಟದಲ್ಲಿ ಕೋಟೆ ಅಂಗಳಕ್ಕೆ ಬಂದು ನಿಂತವರು ಮೂರು ವಾರದಿಂದ ಅಲ್ಲೇ ಇದಾರೆ. ನನ್ನ ಕೈಲಿ ಆಗಲ್ಲ, ತಲೆ ಹೋಗಿದೆ ಅಂತಾರೆ. ಸೋಮವಾರ ಸಹಿ ಹಾಕ್ತಾರಂತೆ. ಪೆನ್ನು ಕೂಡ ಜೇಬಲ್ಲಿ ಇಟ್ಕೊಂಡಾಯ್ತು.”

ಕೆಂಡಕ್ಕನ ಮೊದಲ ಸಿಟ್ಟು ಅವನ ಮೇಲೇ. “ಮೂರು ವಾರಾನಾ? ಅದು ಹತ್ತು ನಿಮಿಷದ ಒಗಟು! ಗೋಡೆ ಮೇಲೆ ದಪ್ಪಕ್ಷರದಲ್ಲಿ ಬರೆದಿದೆ, ‘ಸಂಜೆ ಗೋಪುರ ತೋರಿದ ಕಲ್ಲನ್ನು ಒತ್ತು’ ಅಂತ. ಓದೋಕೆ ಬರಲ್ವಾ? ಕೊಡಿಲ್ಲಿ ಪುಸ್ತಕ.”

ಓದಲು ಚೆನ್ನಾಗಿಯೇ ಬರುತ್ತಿತ್ತು. ಅಂಗಳದ ನಕ್ಷೆಯನ್ನು ಅಳತೆಪಟ್ಟಿ ಇಟ್ಟು ಬರೆದಿದ್ದ. ನಾಲ್ಕು ಗೋಡೆಗಳ ಒಂದೊಂದು ಕಲ್ಲಿಗೂ ನಂಬರು ಕೊಟ್ಟು, ಒಂದರಿಂದ ನಲವತ್ತರವರೆಗೆ ಒತ್ತಿ ನೋಡಿ, ಎರಡು ತಪ್ಪು ಒತ್ತಿದರೆ ಅಂಗಳ ಬಾಗಿಲು ಹಾಕಿಕೊಂಡು ಮೊದಲಿನಿಂದ ಶುರು ಎಂದು ಗುರುತಿಸಿದ್ದ. ಪ್ರತಿ ಸಲ ಸರಿಯಾದ ಕಲ್ಲೇ ಬದಲಾಗುತ್ತದೆ ಎಂಬುದನ್ನೂ ಪತ್ತೆ ಹಚ್ಚಿದ್ದ. ಕೆಂಡಕ್ಕನಿಗೆ ಎರಡು ಸಲ ಆಡಿಯೂ ಅದು ಗೊತ್ತಿರಲಿಲ್ಲ. ಸಂಜೆಯಾಗುವವರೆಗೆ ಕಾದದ್ದು, ಗೋಪುರದ ಸುತ್ತ ನಡೆದದ್ದು, ದಿನಾಂಕ ಸಮೇತ ಇತ್ತು. ‘ಗೋಪುರ ಮೇಲಕ್ಕೆ ಮಾತ್ರ ತೋರಿಸುತ್ತದೆ’ ಎಂದು ಒಂದು ಕಡೆ. ಕೊನೆಯ ಪುಟದಲ್ಲಿ ಎರಡು ಸಾಲು ಬರೆದು ಹೊಡೆದುಹಾಕಿದ್ದ. ಹೊಡೆದದ್ದರ ಕೆಳಗೂ ಓದಬಹುದಿತ್ತು: ‘ಇಲ್ಲಿ ಯಾವುದಕ್ಕೂ ನೆರಳಿಲ್ಲ. ಎಲ್ಲರಿಗೂ ಹೀಗೋ, ನನಗೆ ಮಾತ್ರ ಕಾಣುತ್ತಿಲ್ಲವೋ?’

ಕೆಂಡಕ್ಕ ಪುಸ್ತಕ ಮುಚ್ಚಿದಳು. ಎರಡು ಸಲ ತನ್ನ ಮನೆಯ ಯಂತ್ರದಲ್ಲಿ ಆ ಗೋಪುರದ ನೆರಳು ಚಾಚಿ ಕಲ್ಲು ಮುಟ್ಟುವುದನ್ನು ನೋಡಿದ್ದಳು. ನೆನಪಿನಲ್ಲಿ ನೆರಳಿತ್ತು, ಬೆರಳಿನಲ್ಲಿ ಅಭ್ಯಾಸವಿತ್ತು. ಎರಡೂ ಒಂದೇ ಹೆಂಗಸಿನವು, ಒಂದಕ್ಕೊಂದು ಪರಿಚಯವಿರಲಿಲ್ಲ.

“ನೆರಳಿನ ವಿಷಯ ನಿಮ್ಮ ಹತ್ರ ಕೇಳಲಿಲ್ವಾ ಅವರು?”

“ಕೇಳೋಕೆ ಭಯ ಅಕ್ಕ, ಅವರಿಗೆ. ಕ್ರೇನಲ್ಲಿ ಕೂತವರು ಸರಕಿನ ನೆರಳು ನೋಡಿನೇ ಅಲ್ವಾ ಕೊಕ್ಕೆ ಎಷ್ಟು ಎತ್ತರದಲ್ಲಿದೆ ಅಂತ ತಿಳ್ಕೊಳ್ಳೋದು. ಬೀದೀಲಿ ನೆರಳು ಕಾಣುತ್ತಂತೆ. ಆದ್ರೆ ಹೊಸ ಕ್ರೇನಲ್ಲಿ ಕ್ಯಾಮೆರಾ ಇಟ್ಟು ಪರದೆ ಹಾಕಿದಾರೆ. ಪರದೆ ಮೇಲಿನ ನೆರಳು ಕಾಣದವನು ಮೇಲೆ ಹತ್ತಿದ್ರೆ ಕೆಳಗೆ ಹೆಣ ಬೀಳುತ್ತೆ ಅಂತ ನಿನ್ನೆ ಬಾಯಿಬಿಟ್ರು.”

ಪಕ್ಕದಲ್ಲಿ ಕಾರ್ಡಪ್ಪನ ಮುಖದಲ್ಲಿ ಹತ್ತು ವರ್ಷದ ಹಸಿವು ತೀರಿದ ಕಳೆ. “ನಾನು ಹೇಳ್ತಾನೇ ಇದ್ದೆ ಮೇಡಂ. ಒಳ್ಳೇ ಯಂತ್ರ ಕೊಟ್ಟಿದ್ರೆ...”

“ಬಾಯಿ ಮುಚ್ಚಿ! ನೀವು ಹೇಳಿದ್ದು ಸರಿ. ಅದಕ್ಕೇ ಮುಚ್ಚಿ ಅಂದಿದ್ದು!”

ಅಂಗಡಿಯಿಂದ ಎರಡು ಬೀದಿ ದಾಟಿದರೆ ಅವರ ಮನೆ, ಮೂರನೇ ಮಹಡಿ. ಆಪರೇಟರನ ಹೆಂಡತಿಯ ಜೊತೆ ದಾರಿಯುದ್ದಕ್ಕೂ ಕೆಂಡಕ್ಕ ಬೈಯುತ್ತಲೇ ನಡೆದಳು. ನೆರಳಿಗೆ ಒಗಟು ಕಟ್ಟಿ, ಅದೇ ನೆರಳನ್ನು ತೆಗೆಯುವ ಗುಂಡಿಯನ್ನೂ ಇಟ್ಟ ಆಟದವರನ್ನು. ಒಂದು ಎಚ್ಚರಿಕೆಯ ಸಾಲು ಬರೆಯಲು ಅವರಿಗೆ ಕೈ ಮುರಿದಿತ್ತೇ ಎಂದು. ಕೊನೆಗೆ, ಮೆಟ್ಟಿಲು ಹತ್ತುವಾಗ, ಉಳಿದಿದ್ದ ಒಬ್ಬಳನ್ನು, ತನ್ನನ್ನೇ.

ಆಪರೇಟರ್ ಕಿಟಕಿಯ ಬಳಿ ಕೂತಿದ್ದ. ಜೇಬಿನಲ್ಲಿ ಪೆನ್ನಿತ್ತು. ಕೆಂಡಕ್ಕ ಕುಶಲ ಕೇಳಲಿಲ್ಲ, ಲ್ಯಾಪ್‌ಟಾಪ್ ತೆರೆದು ಸೆಟ್ಟಿಂಗ್ಸ್‌ಗೆ ಹೋಗಿ ನೆರಳನ್ನು ಹಾಕಿದಳು. ಯಂತ್ರದ ಫ್ಯಾನು ಅರಚಿಕೊಂಡಿತು. ತಂಡದವರು ಒಂದು ಹೆಜ್ಜೆ ಇಡಲು ಮೂರು ಉಸಿರು ಹಿಡಿಯಿತು. ಆದರೆ ಸರದಿಯ ಆಟ, ಯಾರಿಗೂ ಅವಸರವಿರಲಿಲ್ಲ. ಆಟದೊಳಗೆ ಸಂಜೆ ಬಾಗಿತು. ಗೋಪುರದ ಬುಡದಿಂದ ಕಪ್ಪು ಗೆರೆಯೊಂದು ತಡವರಿಸುತ್ತ, ನಿಂತು ನಿಂತು, ಅಂಗಳದ ಮೇಲೆ ಚಾಚತೊಡಗಿತು.

ಅವನು ಕುರ್ಚಿಯಿಂದ ಮುಂದಕ್ಕೆ ಬಾಗಿದ. “ಇಪ್ಪತ್ತೇಳು,” ಎಂದ, ನೆರಳು ಇನ್ನೂ ಗೋಡೆ ಮುಟ್ಟುವ ಮೊದಲೇ. ಮುಟ್ಟಿದ್ದು ಇಪ್ಪತ್ತೇಳನೇ ಕಲ್ಲನ್ನೇ. ಒತ್ತಿದ. ಬಾಗಿಲು ತೆರೆಯಿತು.

“ಇದು ಎಲ್ಲಿತ್ತು ಇಷ್ಟು ದಿನ?”

“ನಾನೇ ತೆಗೆದಿದ್ದೆ. ಯಂತ್ರ ಓಡಲಿ ಅಂತ. ಒಗಟು ಇದೆ ಅನ್ನೋದು ಮರ್ತೆ.”

ಅವನು ಎದ್ದು ನಿಂತ. ಅವನ ಹೆಂಡತಿ ಆಮೇಲೆ ನನಗೆ ಹೇಳಿದಳು, ಆ ಮನುಷ್ಯ ಅಷ್ಟು ಜೋರಾಗಿ ಮಾತಾಡಿ ಆರು ತಿಂಗಳಾಗಿತ್ತಂತೆ.

“ಮೂರು ವಾರ! ಮೂರು ವಾರ ನಾನು ಹುಚ್ಚ ಅಂದ್ಕೊಂಡಿದೀನಿ! ಬೆಳಗ್ಗೆ ಎದ್ದು ಗೋಡೆ ಮೇಲೆ ನನ್ನ ಕೈ ನೆರಳು ಬಿದ್ದಿದೆಯಾ ಅಂತ ನೋಡ್ಕೊಂಡಿದೀನಿ! ನಿಮಗೆ ಯಂತ್ರ ಓಡಿದ್ರಾಯ್ತು, ಅಲ್ವಾ? ಯಂತ್ರದ ಹೊಟ್ಟೆ ಒಳಗೆಲ್ಲ ಇಣುಕಿ ನೋಡಿದ್ರಿ, ಮನುಷ್ಯ ಯಾಕೆ ಕೇಳ್ತಿದಾನೆ ಅಂತ ನೋಡಿದ್ರಾ? ತಲೆ ಸರಿ ಇದೆಯಾ ಅಂತ ಕೇಳೋಕೆ ಬಂದವನಿಗೆ ಇದನ್ನಾ ಕೊಡೋದು? ಒಂದು ಚೀಟಿ ಬರೆದಿದ್ರೆ ಬೆರಳು ಸವೀತಿತ್ತಾ? ಸೋಮವಾರ ನಾನು ಸಹಿ ಹಾಕ್ಬಿಟ್ಟಿದ್ರೆ ಆ ಕ್ರೇನನ್ನ ನಿಮ್ಮಪ್ಪ ಬಂದು ವಾಪಸ್ ಕೊಡ್ತಿದ್ನಾ?”

ಒಂದು ಮಾತೂ ನಾಲಿಗೆಯ ತುದಿಯಲ್ಲಿ ನಿಲ್ಲಲಿಲ್ಲ. ಇಡೀ ಪೇಟೆಯನ್ನು ಬೈಯುವ ಕೆಂಡಕ್ಕ ಸ್ಟೂಲಿನ ಮೇಲೆ ಕೈಕಟ್ಟಿ ಕೂತು, ಅಪ್ಪನ ಹೆಸರು ಬಂದಾಗಲೂ ತುಟಿ ಬಿಚ್ಚದೆ, ಅಷ್ಟನ್ನೂ ಕೇಳಿಸಿಕೊಂಡಳು. ಅವನು ಮುಗಿಸಿ ಏದುಸಿರು ಬಿಟ್ಟ ಮೇಲೆ “ಸರಿ” ಎಂದಳು. “ಹೊರಡಿ ಇಲ್ಲಿಂದ” ಎಂದ. ಹೊರಟಳು.

ಸೋಮವಾರ ಕಂಪನಿಯ ಕಚೇರಿಯಲ್ಲಿ ಅಧಿಕಾರಿ ಕಾಗದವನ್ನು ಅವನೆಡೆಗೆ ಸರಿಸಿ, ಸಹಿಯ ಜಾಗಕ್ಕೆ ಬೆರಳಿಟ್ಟು ತೋರಿಸಿದನಂತೆ. “ಇದನ್ನ ಆಮೇಲೆ ನೋಡೋಣ ಸಾರ್. ಮೊದಲು ಪರೀಕ್ಷೆ ಮಾಡಿ” ಎಂದನಂತೆ ಇವನು. ಅಧಿಕಾರಿ ಪರೀಕ್ಷೆಯ ಏರ್ಪಾಟೇ ಮಾಡಿರಲಿಲ್ಲ! ಸಹಿ ಬಂದೇ ಬರುತ್ತದೆ ಎಂಬ ಧೈರ್ಯ. ಮೂರು ಗಂಟೆ ಬೆಂಚಿನ ಮೇಲೆ ಕೂರಿಸಿದರು, ನಾಳೆ ಬನ್ನಿ ಎಂದರು. ಇವನು ಏಳಲಿಲ್ಲ. ಊಟದ ಹೊತ್ತು ಕಳೆದ ಮೇಲೆ ಕ್ರೇನಿನ ಪರದೆಯ ಮುಂದೆ ಕೂರಿಸಿದರು. ನೆಲದಲ್ಲಿ ಸುಣ್ಣದ ವೃತ್ತ, ಅದರೊಳಗೆ ಸರಕು ಇಳಿಸಬೇಕು, ಐದು ಸಲ. ಐದೂ ಇಳಿಸಿದ.

ಸಂಜೆ ಅಂಗಡಿಗೆ ಹೆಂಡತಿಯ ಫೋನು ಬಂತು.

“ಪಾಸಾದ್ರು ಅಕ್ಕ. ಗುರುವಾರದಿಂದ ಡ್ಯೂಟಿ.”

“ನನ್ನ ಮೇಲಿನ ಕೋಪ?”

“ಅದು ಹಾಗೇ ಇದೆ.”

“ಇರಲಿ. ಅದು ನ್ಯಾಯವಾಗಿದೆ,” ಎಂದು ಕೆಂಡಕ್ಕ ಫೋನಿಟ್ಟಳು.